ಸೆರೆಯಲ್ಲಿ ರಾಜ, ಹೊಳೆದಂಡೆಯಲ್ಲಿ ವೇಣುವರ್ಮ

ಬಾಯಿ ಮುಚ್ಚಿಕೊಂಡು ಮೀನು ಹಿಡಿದಿದ್ದರೆ ವೇಣುಗೋಪಾಲನಿಗೆ ಆ ಶುಕ್ರವಾರ ಏನೂ ಆಗುತ್ತಿರಲಿಲ್ಲ. ಮೀನಿಗಾಗಲಿ ಮನುಷ್ಯನಿಗಾಗಲಿ ಕೇಡು ಬರುವುದು ಬಾಯಿ ತೆರೆದಾಗಲೇ.

ಅವನು ಹಿಡಿಯುತ್ತಿದ್ದುದು ಟೀವಿಯೊಳಗಿನ ಮೀನು. ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯ ಹಜಾರದಲ್ಲಿ ಕೂತು ಮೂರು ತಿಂಗಳಲ್ಲಿ ನಾನೂರ ಹನ್ನೆರಡು ಮೀನು ಹಿಡಿದಿದ್ದ. ಆಟದೊಳಗೆ ಅವನ ಹೆಸರು ವೀರ ವೇಣುವರ್ಮ. ಸೊಂಟಕ್ಕೆ ಕತ್ತಿ, ಬೆನ್ನಿಗೆ ಗುರಾಣಿ, ಕೈಯಲ್ಲಿ ಮಾತ್ರ ಗಾಳ.

ಆಟದ ಹೊರಗೆ ಅವನು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಒಂದು ಪವರ್‌ಲೂಮಿನ ಯಜಮಾನ. ಮಗ್ಗದಲ್ಲಿ ಯಾವ ಎಳೆ ಎಲ್ಲಿ ಏಳಬೇಕು, ಎಲ್ಲಿ ಬೀಳಬೇಕು ಎಂಬುದನ್ನು ಡಿಸೈನು ಮೊದಲೇ ಬರೆದಿಟ್ಟಿರುತ್ತದೆ. ಆಟದಲ್ಲಿ ಹಾಗಲ್ಲ. ಬೇಕಾದರೆ ಬೆಟ್ಟ ಹತ್ತು, ಬೇಡವಾದರೆ ಮರದಡಿ ಮಲಗು, ಯಾಕೆಂದು ಕೇಳುವವರಿಲ್ಲ. ಮೂವತ್ತೆಂಟನೇ ವಯಸ್ಸಿಗೆ ಸಿಕ್ಕಿದ ಈ ಸ್ವಾತಂತ್ರ್ಯವನ್ನೆಲ್ಲ ವೇಣು ಹೊಳೆದಂಡೆಯಲ್ಲಿ ಕೂತೇ ಕಳೆದ. ಅಷ್ಟು ದೊಡ್ಡ ಲೋಕ ಕೈಗೆ ಕೊಟ್ಟರೂ ತನಗೆ ತೋಚಿದ್ದು ಇಷ್ಟೇ ತಾನೇ ಎಂದು ಅವನಿಗೇ ಒಮ್ಮೊಮ್ಮೆ ನಗು ಬರುತ್ತಿತ್ತು.

ಬೆಳಿಗ್ಗೆ ಅಜ್ಜಿ ಸಪ್ಪಲಮ್ಮ ಹೂಬತ್ತಿ ಹೊಸೆಯುತ್ತ ಕೇಳಿದಳು, “ಅದೇನಪ್ಪಾ, ಯಾವಾಗ್ ನೋಡಿದ್ರೂ ಅದೇ ಹೊಳೆ, ಅದೇ ಗಾಳ. ಇದಕ್ಕೆ ಕತೆ ಗಿತೆ ಏನೂ ಇಲ್ವಾ?”

“ಇದೆ ಅಜ್ಜಿ. ರಾಜನ್ನ ಅವನ ತಮ್ಮನೇ ಸೆರೇಲಿ ಹಾಕ್ಬಿಟ್ಟವ್ನೆ. ನಾನು ಹೋಗಿ ಬಿಡಿಸ್ಬೇಕು.”

“ಯಾವತ್ತು ಹಾಕಿದ್ದು?”

“ಆಟ ಶುರುವಾದ ದಿನ.”

“ನೀನು ಯಾವತ್ತು ಹೋಗೋದು?”

“ಅವಸರ ಏನಿಲ್ಲ ಅಜ್ಜಿ, ಎಲ್ಲಾ ನಮ್ಮಿಷ್ಟ. ರಾಜ ಎಲ್ಲಿಗೋಗ್ತಾನೆ? ಅಲ್ಲೇ ಬಿದ್ದಿರ್ತಾನೆ.”

ಅಜ್ಜಿಯ ಕೈಯಲ್ಲಿ ಬತ್ತಿ ನಿಂತಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಆಟೋ ಬಂದು ನಿಂತಿತು. ಸೀರೆಯ ಉದ್ದದ ಎಳೆಗಳ ಹೊಸ ಹಾಸು ಸುತ್ತಿದ ಉರುಳೆಯ ಜೊತೆ ನಂದೀಶ್ ಇಳಿದ. ಮಗ್ಗದಲ್ಲಿ ಮುಗಿದ ಹಾಸಿನ ತುದಿಗೆ ಹೊಸದರ ತುದಿಯನ್ನು ಒಂದೊಂದೇ ಎಳೆಯಾಗಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸುವುದು ಅವನ ಕಸುಬು. ಅವನು ಕೈಯಿಡದೆ ಮಗ್ಗ ಮಾತಾಡದು.

“ಹಾಸು ಅಲ್ಲೇ ಇಡಪ್ಪ,” ಎಂದಳು ಅಜ್ಜಿ. ಸ್ಟೂಲು ಎಳೆದುಕೊಂಡು ಹೋಗಿ ಮಗ್ಗದ ಕೋಣೆಯ ಬಾಗಿಲಿಗೆ ಅಡ್ಡ ಕೂತಳು. “ನಿಮ್ ತಾತ ಶ್ರಾವಣದಲ್ಲಿ ಪುರಾಣ ಓದಿಸ್ತಿದ್ರು. ಕತೆಗೆ ಮಂಗಳ ಆಗ್ದೆ ಈ ಮನೇಲಿ ಹೊಸ ಹಾಸು ಏರಿದ್ದಿಲ್ಲ. ಒಬ್ಬನ್ನ ಸೆರೇಲಿ ಕೂರಿಸ್ಬಿಟ್ಟು ಕತೆ ನಿಲ್ಲಿಸಿದ್ರೆ ಅವನ ನಿಟ್ಟುಸಿರು ಮಗ್ಗಕ್ಕೆ ತಟ್ಟುತ್ತೆ ಕಣೋ. ಹೋದ ವಾರ ಎಳೆ ಸುಮ್ಸುಮ್ನೆ ಕಿತ್ತೋಗ್ತಿತ್ತಲ್ಲ, ಯಾಕನ್ಕೊಂಡೆ?”

“ಅದು ನೂಲು ಕಳಪೆ ಅಜ್ಜಿ!”

“ನೂಲಲ್ಲ, ನೀನು ಕಳಪೆ. ರಾಜ ಹೊರಗೆ ಬರ್ಲಿ, ಆಮೇಲೆ ಹಾಸು ಒಳಗೆ ಹೋಗ್ಲಿ.”

ನಂದೀಶ್ ತಲೆ ಕೆರೆದುಕೊಂಡ. “ದೀಪ ಹಚ್ಚೋತನಕ ಕಾಯ್ತೀನಿ ವೇಣಣ್ಣ. ಆಮೇಲೆ ನಾನು ಆಚೆ ಬೀದಿ ಕೆಲಸ ಹಿಡಿದ್ರೆ ಒಂದು ವಾರ ಈ ಕಡೆ ತಲೆ ಹಾಕಲ್ಲ.”

ಒಳಗಿನಿಂದ ಹೆಂಡತಿ ಮೇಘನ ಫೋನು ಹಿಡಿದು ಬಂದಳು. “ರೀ, ಸೀರೆ ಅಂಗಡಿ ಭೀಮರಾಜ್ ಅವರು. ಮಾದರಿ ಸೀರೆ ಬುಧವಾರಕ್ಕೆ ಬರ್ಲಿಲ್ಲ ಅಂದ್ರೆ ದೀಪಾವಳಿ ಆರ್ಡರ್ ಬೇರೆಯೋರ ಮಗ್ಗಕ್ಕಂತೆ. ಏನ್ ಹೇಳ್ಲಿ?”

“ಬರುತ್ತೆ ಅಂತ ಹೇಳು.”

“ರಾಜ ಸೆರೇಲಿದಾನೆ ಅಂತಾನೂ ಹೇಳ್ಲಾ?”

ವೇಣು ಕಾಲು ಮಡಚಿ ಟೀವಿಯ ಮುಂದೆ ಕೂತ. ಜಗತ್ತಿನಲ್ಲಿ ಆಟವಾಡಬೇಡ ಎಂದು ಬೈಸಿಕೊಂಡ ಗಂಡಸರು ಬೇಕಾದಷ್ಟು ಮಂದಿ. ಆಟವಾಡು ಎಂದು ಬೈಸಿಕೊಂಡವನು ಬಹುಶಃ ಇವನೊಬ್ಬನೇ.

ಸುದ್ದಿ ಬೀದಿಗೆ ಹರಡಲು ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಜರಡಿ ವಾಪಸು ಕೊಡಲು ಬಂದ ಪಕ್ಕದ ಮನೆಯ ಭಾಗ್ಯಮ್ಮ ಜರಡಿ ಹಿಡಿದುಕೊಂಡೇ ಕೂತಳು. ಅಮ್ಮನ ಗುಡಿಯಲ್ಲಿ ಭಜನೆ ಹಾಡುವ ಪಾಪಯ್ಯನವರು, ಮಂಗಳ ಹಾಡಲು ಕರೆ ಬಂದಿದೆ ಎಂದು, ಶಲ್ಯ ಹೊದ್ದೇ ಬಂದರು.

ನಂದೀಶ್ ಫೋನಿನಲ್ಲಿ ಇಂಥ ಆಟಗಳನ್ನು ಆಡಿ ಪಳಗಿದವನು. “ಕತೆ ಇಲ್ದಿರೋ ಆಟ ಅಡ್ಡೆಳೆ ಹೊಕ್ಕಿಲ್ಲದ ಹಾಸಿನ ಥರ ಅಣ್ಣ,” ಎಂದ. “ಎಳೆ ಸಾವಿರ ಇರುತ್ತೆ, ಸೀರೆ ಆಗಲ್ಲ.”

“ಬರೀ ಕತೆ ಹಿಡ್ಕೊಂಡೋದ್ರೆ ಬಸ್ಸಲ್ಲಿ ಕೂತಂಗೆ ಕಣೋ. ಡ್ರೈವರ್ ಕರ್ಕೊಂಡೋದಲ್ಲಿಗೆ ಹೋಗ್ಬೇಕು.”

“ಕೊನೆಗೊಂದು ಊರಾದ್ರೂ ಬರುತ್ತಲ್ಲಣ್ಣ. ನೀನು ಮೂರು ತಿಂಗಳಿಂದ ಬಸ್‌ಸ್ಟ್ಯಾಂಡಲ್ಲೇ ಕೂತಿದೀಯ.”

ಭಾಗ್ಯಮ್ಮ ಜರಡಿ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಜರಡಿಯಲ್ಲಿ ನಗು ನಿಲ್ಲಲಿಲ್ಲ.

“ಒಂದು ನೆನಪಿಟ್ಕೊ,” ಎಂದು ನಂದೀಶ್ ಎಚ್ಚರಿಸಿದ. “ಈ ಆಟದಲ್ಲಿ ಮಾಡಿದ್ದು ಮಾಡಿದ್ದೇ. ಹಿಂದಕ್ಕೆ ತಿರುಗಿಸಕ್ಕಾಗಲ್ಲ.”

ದಡಕ್ಕೆ ಕಟ್ಟಿದ್ದ ತನ್ನ ಮೀನಿನ ದೋಣಿಯ ಪಕ್ಕದಿಂದ ವೇಣುವರ್ಮ ಗಾಳ ಸುತ್ತಿಕೊಂಡು ಎದ್ದ. ದಿನವೂ ಅವನ ಪಕ್ಕದಲ್ಲಿ ಕೂರುವ ಕಂಬಳಿ ಹೊದ್ದ ಮುದುಕ ಎಂದಿನಂತೆ ಕೈ ಎತ್ತಿದ. “ಮಗನೇ, ಒಂದು ಕತೆ ಇದೆ, ಕೇಳುವೆಯಾ?” ಎಂದು ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಮೂಡಿತು. ವೇಣು ಎಂದಿನಂತೆ ಮಾತು ಹಾರಿಸುವ ಗುಂಡಿ ಒತ್ತಿದ. ಮುದುಕನ ಮಾತು ನಿಲ್ಲಿಸಿದ ನಲ್ಲಿಯಂತೆ ಕಟ್ಟಾಯಿತು.

“ಅಯ್ಯೋ, ಏನೋ ಹೇಳ್ತಿದ್ನಲ್ಲ ಪಾಪ!” ಎಂದಳು ಅಜ್ಜಿ.

“ಅವನ್ದು ದಿನಾ ಇದೇ ಗೋಳು ಅಜ್ಜಿ. ನಿಂಗೆ ಮಂಗಳ ಬೇಕೋ, ಮುದುಕನ ಹರಟೆ ಬೇಕೋ?”

“ನಿನ್ ದೋಣಿ ಕಡೇನೇ ನೋಡ್ತಾವ್ನೆ ನೋಡು,” ಎಂದಳು ಭಾಗ್ಯಮ್ಮ. “ಹೆಂಗಿದ್ರೂ ಬಿಟ್ಟು ಹೋಗ್ತಿದೀಯ, ಅವನಿಗೆ ಕೊಟ್ಬಿಡಪ್ಪ. ಶುಕ್ರವಾರ, ಪುಣ್ಯ ಬರುತ್ತೆ.”

ವೇಣು ಕೊಟ್ಟ. ಮುದುಕ ಕೈಮುಗಿದು ದೋಣಿ ಹತ್ತಿ, ಹೊಳೆಯ ತಿರುವಿನಲ್ಲಿ ಮರೆಯಾದ.

ಅಲ್ಲಿಂದ ಸೆರೆಮನೆಗೆ ನೇರ ದಾರಿಯಿತ್ತು. ಆದರೆ ದಾರಿಯಲ್ಲಿ ಒಬ್ಬ ಹೆಂಗಸು ಕೋಳಿ ಕಳೆದುಹೋಯಿತೆಂದು ಅತ್ತಳು. ಹುಡುಕಿಕೊಟ್ಟೇ ಮುಂದೆ ಹೋಗಬೇಕೆಂದು ಭಾಗ್ಯಮ್ಮ ಪಟ್ಟು ಹಿಡಿದಳು. ಕೋಳಿ ಸಿಕ್ಕಿದ ಮೇಲೆ ಪಾಪಯ್ಯನವರಿಗೆ ದೂರದ ಬೆಟ್ಟ ಕಣ್ಣಿಗೆ ಬಿತ್ತು. “ನಮ್ಮ ನಂದಿಬೆಟ್ಟಕ್ಕೇ ಮೊಣಕಾಲು ನೋವಿಂದ ಹೋಗಕ್ಕಾಗಿಲ್ಲ. ಇದನ್ನಾದ್ರೂ ಹತ್ತಿಸಪ್ಪ. ಮೇಲೊಂದು ಗುಡಿ ಕಾಣ್ತಾ ಇದೆ.”

ಹತ್ತುವಾಗ, ವೇಣುವರ್ಮ ಲಗಾಮು ಹಿಡಿದು ನಡೆಸುತ್ತಿದ್ದ ಕುದುರೆ ಜಾರಿ ಕಣಿವೆಗೆ ಬಿತ್ತು. ಪಾಪಯ್ಯನವರು ಅದಕ್ಕೂ ಎರಡು ಸಾಲು ಹಾಡಿದರು. ಗುಡಿಯೆಂದುಕೊಂಡದ್ದು ಕಳ್ಳರ ಅಡಗುದಾಣವಾಗಿತ್ತು. ವೇಣುವರ್ಮ ಕತ್ತಿ ಹಿರಿದ. ಮೂರು ತಿಂಗಳು ಗಾಳ ಹಿಡಿದ ಕೈ. ಕತ್ತಿಯನ್ನೂ ಗಾಳದಂತೆಯೇ ಬೀಸಿತು. ಕಳ್ಳರು ಅವನನ್ನು ಬೆಟ್ಟದಿಂದ ಕೆಳಗೆ ದಬ್ಬಿದರು. ಕುದುರೆಗಿಂತ ಸ್ವಲ್ಪ ಆಚೆ ಬಿದ್ದ.

“ಕತೆ ಕಡೆ ನಡಿಯಣ್ಣಾ!” ಎಂದು ನಂದೀಶ್ ಕೂಗಿಕೊಂಡ. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬಂದದ್ದು ಮೂರು ಗಂಟೆಗೆ. ಅಷ್ಟರಲ್ಲಿ ಎಲ್ಲರಿಗೂ ಮುದ್ದೆ, ಉಪ್ಸಾರು ಆಗಿತ್ತು. ವೇಣು ಮಾತ್ರ ತಟ್ಟೆ ಬದಿಗಿಟ್ಟ. ಮಗ್ಗದ ಕೋಣೆಯ ಬಾಗಿಲಲ್ಲಿ ಅಜ್ಜಿ ಜಪಮಾಲೆ ಎಣಿಸುತ್ತಿದ್ದಳು. ಅವಳ ಹಿಂದೆ ಬರಿಯ ಮಗ್ಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಸ್ವಾತಂತ್ರ್ಯವೆಂದು ಹೋದವನು ಈಗ ಬೀದಿಯವರೆಲ್ಲರ ಇಷ್ಟದಂತೆ ಕುಂಟುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಮರುಕ ಹುಟ್ಟಿತು.

ಸಂಜೆಗೆ ಸೆರೆಮನೆಯ ಕೋಟೆ ಬಂತು. ಬಾಗಿಲಲ್ಲಿ ದೈತ್ಯರಂಥ ಇಬ್ಬರು ಕಾವಲುಗಾರರು.

“ಮುಗೀತು,” ಎಂದ ನಂದೀಶ್. “ನಿನ್ ಕತ್ತಿ ನೋಡಿದ್ರೆ ಅವರಿಗೆ ನಗು ಬರುತ್ತೆ.”

ವೇಣುವಿಗೆ ಒಮ್ಮೆಗೇ ಬುದ್ಧಿ ಹೊಳೆಯಿತು. ಜೋಳಿಗೆ ಬಿಚ್ಚಿ ನಾನೂರ ಹನ್ನೆರಡು ಮೀನನ್ನೂ ಅವರ ಮುಂದೆ ಸುರಿದ. ಕಾವಲುಗಾರರು ಈಟಿ ಎಸೆದು ಊಟಕ್ಕೆ ಕೂತರು. ಹಜಾರದಲ್ಲಿ ಚಪ್ಪಾಳೆ ಎದ್ದಿತು. ಮೂರು ತಿಂಗಳು ವ್ಯರ್ಥವಾಗಲಿಲ್ಲ ಎಂದು ವೇಣು ಮೊದಲ ಸಲ ಎದೆ ಉಬ್ಬಿಸಿದ.

ಮೇಘನ ದೀಪ ಹಚ್ಚಿದಳು. ನಂದೀಶ್ ಬೂದಿಯ ಬಟ್ಟಲು ತೆಗೆದ. ಅಜ್ಜಿ ಸ್ಟೂಲಿನಿಂದ ಎದ್ದಳು. ಪಾಪಯ್ಯನವರು ಗಂಟಲು ಸರಿಮಾಡಿಕೊಂಡರು. ವೇಣುವರ್ಮ ಸೆರೆಮನೆಯ ಬಾಗಿಲು ತಳ್ಳಿದ.

ಒಳಗೆ ಯಾರೂ ಇರಲಿಲ್ಲ. ಹುಲ್ಲಿನ ಹಾಸಿಗೆಯ ಮೇಲೆ ಒಂದು ಕಾಗದವಿತ್ತು. ವೇಣುವಿನ ಕೈ ಅಭ್ಯಾಸಬಲದಿಂದ ಗುಂಡಿಯ ಕಡೆ ಹೋಯಿತು. ಮೇಘನ ಅದರ ಮೇಲೊಂದು ಪೆಟ್ಟು ಕೊಟ್ಟು, ತಾನೇ ಕನ್ನಡದಲ್ಲಿ ಓದಿ ಹೇಳಿದಳು.

“ವೀರ ವೇಣುವರ್ಮನಿಗೆ, ನಿನಗಾಗಿ ಬಹಳ ಕಾದೆ. ನೀನು ಹೊಳೆದಂಡೆಯಲ್ಲಿ ಮೀನು ಹಿಡಿಯುತ್ತಿರುವೆ ಎಂದು ಕಾವಲುಗಾರರು ಹೇಳಿದರು. ಆದ್ದರಿಂದ ನಾನೇ ತಪ್ಪಿಸಿಕೊಂಡು, ಕಂಬಳಿ ಹೊದ್ದು ಅಲ್ಲಿಗೆ ಬರುತ್ತಿದ್ದೇನೆ. ನನ್ನ ಕತೆ ಕೇಳಿದರೆ ರಾಜ್ಯ ನಮ್ಮದು. ಕೇಳದಿದ್ದರೆ, ದೋಣಿ ಸಿಕ್ಕಿದ ದಿನ ನಾನು ಕಡಲಾಚೆಗೆ ಹೊರಟುಬಿಡುತ್ತೇನೆ.”

ಭಾಗ್ಯಮ್ಮ ಜರಡಿಯನ್ನು ಮೆಲ್ಲಗೆ ಕೆಳಗಿಟ್ಟು, “ಒಲೆ ಮೇಲೆ ಹಾಲಿಟ್ಟು ಬಂದಿದೀನಿ” ಎಂದು ಎದ್ದು ಹೋದಳು.

ಪಾಪಯ್ಯನವರು ಶಲ್ಯ ಸರಿಪಡಿಸಿಕೊಂಡರು. “ದೇವರೂ ಹಿಂಗೇ ಪಕ್ಕದಲ್ಲಿ ಕೂತು ದಿನಾ ಮಾತಾಡಿಸ್ತಾನೇನೋಪ್ಪ. ನಾವು ಗುಂಡಿ ಒತ್ಕೊಂಡು ಹೋಗ್ತಾ ಇರ್ತೀವಿ.”

ನಂದೀಶ್ ಬಟ್ಟಲು ಮುಚ್ಚಿದ. “ಬರ್ತೀನಿ ವೇಣಣ್ಣ. ಮುಂದಿನ ವಾರ ನೋಡಣ. ಕತೆ ಮಾತ್ರ ಸೂಪರ್ ಆಗಿದೆ ಗುರು!”

ಪರದೆಯ ಮೇಲೆ ಹೊಸ ನಕ್ಷೆ ಬಿಚ್ಚಿಕೊಂಡಿತು. ಕಡಲು, ಕಡಲಾಚೆ ಹತ್ತು ಪಟ್ಟು ದೊಡ್ಡ ಸೀಮೆ. ಎಲ್ಲಿಗೆ ಬೇಕಾದರೂ ಹೋಗಬಹುದು. ಹೋಗಲು ಹೊಸ ದೋಣಿ ಬೇಕು. ದೋಣಿಗೆ ಹಾಯಿ ಬೇಕು. ಹಾಯಿಗೆ ಬಟ್ಟೆಯನ್ನು ವೇಣುವರ್ಮನೇ ನೇಯಬೇಕು.

ಕೋಟೆಯ ಮೂಲೆಯಲ್ಲಿ ಒಂದು ಮಗ್ಗ ಮಿನುಗಿತು. ಒಂದು ಸಲ ಗುಂಡಿ ಒತ್ತಿದರೆ ಒಂದು ಹೊಕ್ಕು.

“ಅಜ್ಜೀ,” ವೇಣುವಿನ ದನಿ ಅಳುವಂತಿತ್ತು, “ಒಳಗೆ ನಮ್ಮ ಮಗ್ಗ ಖಾಲಿ ನಿಂತಿದೆ.”

“ಮೊದ್ಲು ಮಂಗಳ ಆಗ್ಲಿ,” ಎಂದು ಅಜ್ಜಿ ಸ್ಟೂಲನ್ನು ಬಾಗಿಲಿನಿಂದ ಎತ್ತಿ ತಂದು ಟೀವಿಯ ಮುಂದೆ ಹಾಕಿದಳು. “ನೇಯಿ.”

ವೇಣು ಗುಂಡಿ ಒತ್ತಿದ. ಮತ್ತೆ ಒತ್ತಿದ. ಅಜ್ಜಿ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದಳು.

“ಹೊಕ್ಕು ಸಡಿಲ ಆಯ್ತು ನೋಡು. ಬಿಚ್ಚಿ ಮೊದಲಿಂದ ನೇಯಿ.”