ನೌಬಾದದ ಗೋಡೆಗೆ ಬಿದ್ದ ಬಾಂಬು

ನಾನು ಧೈರ್ಯವಂತ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಬೇರೆ ಯಾರೂ ಹೇಳದೆ ಇರುವುದರಿಂದ. ಆದರೆ ನನ್ನ ಧೈರ್ಯದ ಸ್ವಭಾವ ಸ್ವಲ್ಪ ವಿಚಿತ್ರ. ದೂರ ಹೋದಷ್ಟೂ ಅದು ಬೆಳೆಯುತ್ತದೆ. ಬೀದರ ಪಟ್ಟಣದೊಳಗೆ ಅದು ಇದೆಯೋ ಇಲ್ಲವೋ ಎಂಬುದು ನನಗೇ ಅನುಮಾನ. ಪಕ್ಕದ ಹಳ್ಳಿ ಬಗದಲ್ ದಾಟಿದ ಮೇಲೆ ಸಣ್ಣಗೆ ಉಸಿರಾಡುವುದು ಕೇಳಿಸುತ್ತದೆ. ರಾಜ್ಯದ ಗಡಿ ದಾಟಿದರೆ ಮೀಸೆ ತಿರುವಲು ಶುರುಮಾಡುತ್ತದೆ. ಸಮುದ್ರವನ್ನೂ ದಾಟಿಬಿಟ್ಟರೆ ಅದನ್ನು ಹಿಡಿಯುವವರೇ ಇಲ್ಲ. ಇಪ್ಪತ್ತು ವರ್ಷಗಳಿಂದ ಇಲ್ಲಿಯ ಒಂದು ದಿನಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದೇನೆ. ದೂರದೇಶದ ಅಧ್ಯಕ್ಷರ ಮೂಗನ್ನು ನಾನು ಎಳೆದಷ್ಟು ಉದ್ದಕ್ಕೆ ಅವರ ದೇಶದವರೂ ಎಳೆದಿರಲಾರರು. ಸರ್ವಾಧಿಕಾರಿಗಳಿಗೆ ಕುಂಚಿಗೆ ಕಟ್ಟಿ ತೊಟ್ಟಿಲಿಗೆ ಹಾಕಿದ್ದೇನೆ, ಸೇನಾಧಿಪತಿಗಳನ್ನು ತೊಗಲುಗೊಂಬೆ ಮಾಡಿ ಕುಣಿಸಿದ್ದೇನೆ. ಅವರಲ್ಲಿ ಒಬ್ಬರಾದರೂ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದು "ಯಾವನವನು ಬರೆದದ್ದು?" ಎಂದು ಕೇಳಿಲ್ಲ. ಕನ್ನಡ ಓದಲು ಬಾರದ ಶತ್ರುಗಳಷ್ಟು ಸಜ್ಜನರು ಈ ಲೋಕದಲ್ಲಿ ಇನ್ನಿಲ್ಲ.

ಹುಟ್ಟಿನಿಂದಲೇ ನಾನು ಹೀಗಿರಲಿಲ್ಲ. ಹೊಸದರಲ್ಲಿ ಒಮ್ಮೆ ಔರಾದದ ನೀರಿನ ಟ್ಯಾಂಕಿನ ಬಗ್ಗೆ ಬರೆದಿದ್ದೆ. ಟ್ಯಾಂಕಿಗೆ ಆಗ ಬಣ್ಣ ಬಳಿದಾಗಿತ್ತು, ಹೆಸರು ಬರೆಸಿಯಾಗಿತ್ತು, ನೀರು ಮಾತ್ರ ಬಂದಿರಲಿಲ್ಲ. ಟ್ಯಾಂಕಿನ ಮೇಲೆ ಒಬ್ಬ ದಪ್ಪ ಮೂಗಿನ ಮನುಷ್ಯ ಕೂತು ಕೆಳಗಿನವರಿಗೆ ಭಾಷಣವನ್ನೇ ಬಿಂದಿಗೆಗೆ ಸುರಿಯುತ್ತಿರುವ ಹಾಗೆ ಚಿತ್ರ. ಮರುದಿನವೇ ಆ ಮೂಗಿನವರ ಅಳಿಯ ಕಚೇರಿಗೆ ಬಂದ. ಬೈಯಲಿಲ್ಲ, ಮೇಜು ಗುದ್ದಲಿಲ್ಲ. ನನ್ನ ಎದುರಿನ ಕುರ್ಚಿಯಲ್ಲಿ ಎರಡು ತಾಸು ಕೂತ. ಮೂರು ಸಲ ಚಹಾ ಕುಡಿದ. "ಭಾಳ ಚೆಂದ ತೆಗೀತೀರಿ ಸರ್. ನಮ್ಮ ಮಾವನೋರ ಮೂಗು ಹಂಗೇ ಮೂಡ್ಯಾದರಿ. ನಿಮ್ಮ ಮನಿ ಎಲ್ಲಿ ಬರ್ತದರಿ? ಮಕ್ಕಳು ಯಾವ ಸಾಲಿಗಿ ಹೋಗ್ತಾವ?" ಎಂದು ಬಹಳ ಪ್ರೀತಿಯಿಂದ ವಿಚಾರಿಸಿ ಎದ್ದುಹೋದ. ಅಷ್ಟೇ. ಅವನು ನನಗೆ ಮಾಡಿದ್ದು ಅಷ್ಟೇ. ಆದರೆ ಅಂದಿನಿಂದ ನಾನು ಊರಿನ ವಿಷಯ ಬರೆಯಬೇಕಾದಾಗ ಮನುಷ್ಯರಿಗೆ ಮುಖ ಬರೆಯುವುದನ್ನೇ ಬಿಟ್ಟೆ. ಬೆನ್ನು ಬರೆಯುತ್ತೇನೆ. ಇಲ್ಲವೇ ಒಂದು ಆನೆ ಬರೆದು ಅದರ ಹೊಟ್ಟೆಯ ಮೇಲೆ 'ವ್ಯವಸ್ಥೆ' ಎಂದು ಬರೆಯುತ್ತೇನೆ. ವ್ಯವಸ್ಥೆಗೆ ಅಳಿಯಂದಿರಿಲ್ಲ.

ಈ ಬರಹ ಅಂಥ ಒಂದು ಹೆಸರಿನ ಚೀಟಿಯ ಬಗ್ಗೆ. ನಮ್ಮ ಕಸುಬಿನಲ್ಲಿ ಚಿತ್ರಕ್ಕಿಂತ ಚೀಟಿಯೇ ಮುಖ್ಯ. ಒಂದು ಬಂಡೆಗಲ್ಲು ಬರೆದು ಅದರ ಮೇಲೆ 'ಬೆಲೆ ಏರಿಕೆ' ಎಂದು ಬರೆದರೆ ಅದು ಬೆಲೆ ಏರಿಕೆ; ಅದೇ ಬಂಡೆಗೆ 'ನಿರುದ್ಯೋಗ' ಎಂದರೆ ನಿರುದ್ಯೋಗ. ಒಂದೇ ಬಂಡೆಯನ್ನು ನಾನು ಹನ್ನೊಂದು ಬಗೆಯ ಕಷ್ಟಗಳಿಗೆ ಬಳಸಿದ್ದುಂಟು. ಯಾವ ಓದುಗನೂ ಆಕ್ಷೇಪಿಸಲಿಲ್ಲ, ಬಂಡೆಯೂ ಆಕ್ಷೇಪಿಸಲಿಲ್ಲ.

ದೂರದ ಎರಡು ದೇಶಗಳ ನಡುವೆ ಯುದ್ಧ ಜೋರಾಗಿದ್ದ ದಿನಗಳು ಅವು. ದಿನವೂ ಟಿ.ವಿ.ಯಲ್ಲಿ ಬಾಂಬು, ಬೆಂಕಿ, ಬಿದ್ದ ಕಟ್ಟಡ. ನನಗೆ ಯುದ್ಧದ ಟ್ಯಾಂಕು, ವಿಮಾನ ಎಲ್ಲ ಕೈಗೆ ಬಂದಿತ್ತು. ಬಿದ್ದ ಮನೆ ಮಾತ್ರ ಬರುತ್ತಿರಲಿಲ್ಲ. ಬರೆದರೆ ಇಟ್ಟಂಗಿ ಭಟ್ಟಿಯ ಹಾಗೆ ಕಾಣುತ್ತಿತ್ತು. ಆ ಚಿಂತೆಯಲ್ಲೇ ಸ್ಕೂಟರಿನ ಮೇಲೆ ಊರಂಚಿನ ನೌಬಾದದ ಕಡೆ ಹೋಗುತ್ತಿದ್ದಾಗ ರಸ್ತೆ ಅಗಲ ಮಾಡುವ ಕೆಲಸ ಕಾಣಿಸಿತು. ಹಳದಿ ಯಂತ್ರವೊಂದು ಮನೆಗಳ ಮುಂಭಾಗವನ್ನು ಕಿತ್ತು ಹಾಕುತ್ತಿತ್ತು. ಒಂದು ಮನೆಯಂತೂ ಪೂರ್ತಿ ಹೋಗಿ ಒಂದೇ ಒಂದು ಗೋಡೆ ನಿಂತಿತ್ತು. ಆ ಗೋಡೆಯಲ್ಲಿ ದೀಪ ಇಡುವ ಒಂದು ಗೂಡು. ಎಲ್ಲರ ಮನೆಯ ಗೂಡಿಗೂ ಚೂಪು ಮೇಲಿದ್ದರೆ ಇದಕ್ಕೆ ಕೆಳಗಿತ್ತು, ತಲೆಕೆಳಗು. ಅದರೊಳಗೆ ಅರ್ಧ ಇಟ್ಟಂಗಿ ಒಂದು ಸಿಕ್ಕಿಕೊಂಡಿತ್ತು. ನೋಡಿದ ಕೂಡಲೇ ನನಗೆ ರೋಮಾಂಚನ. ಎಂಥ ಪರದೇಶಿ ಗೋಡೆ! ಸ್ಕೂಟರು ನಿಲ್ಲಿಸಿ, ಸೀಟಿನ ಮೇಲೇ ಹಾಳೆ ಇಟ್ಟುಕೊಂಡು, ಗೂಡು, ಇಟ್ಟಂಗಿ, ಬಿರುಕು ಒಂದೂ ಬಿಡದೆ ಬರೆದುಕೊಂಡೆ. ಪಕ್ಕದಲ್ಲಿ ಹೆಣ್ಣುಮಗಳೊಬ್ಬಳು ಆ ಕಡೆ ಮುಖ ಮಾಡಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಆಕೆಯನ್ನು ನಾನು ನೋಡಿದೆ, ಬರೆಯಲಿಲ್ಲ. ಆಕೆ ಉಟ್ಟಿದ್ದು ಇಳಕಲ್ ಸೀರೆ, ಯುದ್ಧಕ್ಕೆ ಹೊಂದುತ್ತಿರಲಿಲ್ಲ.

ಚಿತ್ರದ ಕೆಳಗೆ ದೂರದ ಆ ನಗರದ ಹೆಸರು ಬರೆದೆ, ಗೋಡೆಯ ಮೇಲೆ 'ಮಾನವೀಯತೆ' ಎಂದು ಬರೆದೆ. ಅಚ್ಚಾಗಿದ್ದೇ ತಡ, ನನ್ನ ಇಪ್ಪತ್ತು ವರ್ಷಗಳಲ್ಲಿ ಬಾರದಷ್ಟು ಫೋನು ಬಂದವು. "ಹೋಗಿ ನೋಡಿ ಬಂದಂಗ ಅದರಿ" ಎಂದರು ಓದುಗರು. ಹೋಗಿ ನೋಡಿಯೇ ಬಂದಿದ್ದೆನಲ್ಲ, ಆದ್ದರಿಂದ ನಾನೂ ಬೇಡವೆನ್ನಲಿಲ್ಲ. ಭಾಲ್ಕಿಯ ಒಂದು ಓದುಗರ ಬಳಗದವರು ಕರೆದು ಸನ್ಮಾನವನ್ನೇ ಇಟ್ಟುಕೊಂಡರು. ಶಾಲು ಹೊದಿಸಿದರು. ಚಿತ್ರವನ್ನು ದೊಡ್ಡದು ಮಾಡಿಸಿ ವೇದಿಕೆಯ ಹಿಂದೆ ತೂಗುಹಾಕಿದ್ದರು. ನಾನು ಎದ್ದುನಿಂತು, ಕಲಾವಿದನಿಗೆ ದೂರ ಎಂಬುದಿಲ್ಲ, ಎಲ್ಲಿ ಕಣ್ಣೀರು ಬಿದ್ದರೂ ಅದು ಅವನ ಹಾಳೆಯ ಮೇಲೇ ಬೀಳುತ್ತದೆ ಎಂದೆಲ್ಲ ಹೇಳಿದೆ. ಈಗ ಆ ಮಾತು ನೆನಪಾದರೆ ಒಬ್ಬನೇ ಇದ್ದರೂ ಮುಖ ಮುಚ್ಚಿಕೊಳ್ಳುತ್ತೇನೆ.

ಸಭೆ ಮುಗಿದು ಎಲ್ಲರೂ ಉಪ್ಪಿಟ್ಟಿನ ಕಡೆ ನಡೆದಾಗ ಒಬ್ಬ ಹೆಣ್ಣುಮಗಳು ವೇದಿಕೆಯ ಹತ್ತಿರ ಬಂದಳು. ಅರವತ್ತರ ಹತ್ತಿರದ ವಯಸ್ಸು, ಹಣೆಯ ಮೇಲೆ ವಿಭೂತಿ. ನನ್ನನ್ನು ನೋಡಲೇ ಇಲ್ಲ. ಚಿತ್ರದ ಮುಂದೆ ನಿಂತು ಆ ಗೂಡಿನ ಮೇಲೆ ಕೈಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸಾಹೇಬ್ರ, ಈ ಗ್ವಾಡಿ ನಂದ ಅದರಿ."

ಎಲ್ಲರ ದುಃಖವನ್ನೂ ತನ್ನದೆಂದುಕೊಳ್ಳುವ ದೊಡ್ಡ ಮನಸ್ಸಿನವಳು ಎಂದುಕೊಂಡು ನಾನು ಕೈಮುಗಿದೆ. "ಹೌದಮ್ಮ, ಅದು ನಮ್ಮೆಲ್ಲರ ಗೋಡೆ" ಎಂದೆ.

"ಎಲ್ಲಾರ್ದೂ ಅಲ್ಲರಿ, ನಂದು. ನಾ ಗುರುಬಾಯಿ, ನೌಬಾದದಾಕಿ. ಮನಿ ಕೆಡವಿದ ಮ್ಯಾಲ ಇಲ್ಲಿ ತಂಗಿ ಮನ್ಯಾಗ ಅದೀನಿ. ನಮ್ಮ ಮನಿಯವರು ಗೌಂಡಿ ಇದ್ರು. ಊರ ಮಂದಿ ಮನಿಯೆಲ್ಲಾ ಸಾಫ್ ಕಟ್ಟಿ ಕೊಟ್ರು, ನಮ್ಮ ಮನಿ ಗೂಡು ಮಾತ್ರ ಉಲ್ಟಾ ಇಟ್ರು. ತಪ್ಪಾತು ಅನ್ನೋ ಮನಷ್ಯಾ ಅಲ್ಲರಿ. ಇದು ಹೊಸಾ ನಮೂನಿ, ನಿನಗ ತಿಳಿಯಂಗಿಲ್ಲ ಅಂದ್ರು. ದೀಪ ನಿಲ್ಲವಲ್ದು ಅಂತ ನಾನೇ ಅರ್ಧ ಇಟ್ಟಂಗಿ ತುರುಕಿದ್ನಿ. ಅದೂ ಬರದೀರಿ ನೋಡ್ರಿ. ಅವರು ಹೋಗಿ ಆರು ವರ್ಷ ಆತು. ಗ್ವಾಡಿದು ಒಂದು ಫೋಟೋನೂ ಇದ್ದಿಲ್ಲರಿ ನನ್ನ ಹತ್ತಿರ."

ಅಂದು ಗೋಣಿಚೀಲಕ್ಕೆ ಪಾತ್ರೆ ತುಂಬುತ್ತಿದ್ದವಳು ಈಕೆಯೇ ಎಂದು ಆಗ ಹೊಳೆಯಿತು. ನನ್ನ ಹೆಗಲ ಮೇಲಿದ್ದ ಶಾಲು ಇದ್ದಕ್ಕಿದ್ದಂತೆ ಭಾರವಾಯಿತು. ಆಕೆ ಈಗ ಜಗಳ ತೆಗೆಯುತ್ತಾಳೆ ಎಂದು ಕಾದೆ. ತೆಗೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಭಾಳ ಚೊಲೋ ಬರದೀರಿ" ಎಂದಳು ಗುರುಬಾಯಿ. "ಹೆಸರೊಂದು ಗಲತ್ ಆಗ್ಯಾದ. ನಮ್ಮದು ಬಾಂಬ್ ಬಿದ್ದು ಬಿದ್ದಿದ್ದಲ್ಲರಿ, ಮಷಿನ್ ಹಚ್ಚಿ ಕೆಡವಿದ್ದು. ಬದಲಿ ಜಾಗಾ ಕೇಳಾಕ ಹೋದ್ರ, ಅಲ್ಲಿ ಮನೀನೇ ಇದ್ದಿಲ್ಲ, ಖಾಲಿ ಜಾಗಾ ಇತ್ತು ಅಂತ ಕಾಗದದಾಗ ಅದ ಅನ್ಲಕತ್ತಾರ. ಎರಡು ಸಲ ಅರ್ಜಿ ವಾಪಸ್ ಕೊಟ್ರು. ಈ ಗ್ವಾಡಿ ನೌಬಾದದಾಗ ನೋಡಿ ಬರದೀನಿ ಅಂತ ನೀವೊಂದು ಮಾತು ಬರದು ಕೊಡ್ರಿ. ಪೇಪರಿನ್ಯಾಗೂ ಹೆಸರು ತಿದ್ದಿ ಹಾಕ್ರಿ. ಸಾಕರಿ."

ಆ ಕಾಗದ ಯಾವ ಕಚೇರಿಯದು ಎಂದು ನಾನು ಹೇಳುವುದಿಲ್ಲ. ಹೇಳುವ ಧೈರ್ಯವಿದ್ದಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ. "ಆಗಲಮ್ಮ, ಸೋಮವಾರ ಕಚೇರಿಗೆ ಬನ್ನಿ" ಎಂದು ಹೇಳಿ, ಉಪ್ಪಿಟ್ಟನ್ನೂ ತಿನ್ನದೆ ಬೀದರದ ಬಸ್ಸು ಹತ್ತಿದೆ.

ಮರುದಿನ ಸಂಪಾದಕರ ಮುಂದೆ ವಿಷಯವಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಆ ಕೆಲಸ ಆಗುವುದಿಲ್ಲವೆಂದೇ ಅರ್ಥ. "ತಿದ್ದುಪಡಿ ಏನಂತ ಹಾಕೋದ್ರಿ? 'ಬಾಂಬ್ ಬಿದ್ದದ್ದು ಅಲ್ಲಲ್ಲ, ನೌಬಾದದಾಗ, ವಿಷಾದಿಸುತ್ತೇವೆ' ಅಂತೇನು? ಮಂದಿ ಓಡಿಹೋಗ್ತಾರ. ಮತ್ತ ರಸ್ತೆ ಉದ್ಘಾಟನಾ ಜಾಹೀರಾತು ನಮಗೇ ಬರೋದದ. ಜರಾ ಹೆಸರಿಲ್ಲದಂಗ ಏನರೆ ಬರೀರಿ." ಹೆಸರಿಲ್ಲದಂಗ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದೇ ಗೋಡೆಯನ್ನು ಮತ್ತೊಮ್ಮೆ ಬರೆದೆ. ದೂರದ ನಗರದ ಹೆಸರು ತೆಗೆದೆ. ಆ ಜಾಗದಲ್ಲಿ 'ಒಂದು ಊರು' ಎಂದು ಹಾಕಿದೆ. ಇದು ಬಹಳ ದಿಟ್ಟ ಹೆಜ್ಜೆಯೆಂದು, ಅದು ಅಚ್ಚಾದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೆಂಡತಿಗೆ ವಿವರಿಸಿದೆ. ಆಕೆ ಪೇಪರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಆ ಅಳಿಯ ಇನ್ನೂ ಕುರ್ಚಿ ಬಿಟ್ಟು ಎದ್ದಿಲ್ಲೇನ್ರಿ?" ಎಂದು ಕೇಳಿ ಸಾರು ಬಡಿಸಿದಳು.

ಸೋಮವಾರ ಗುರುಬಾಯಿ ಬಂದಳು. ನಾನು ಇರಲಿಲ್ಲ. ಇರಲಿಲ್ಲ ಎಂದರೆ, ಎದುರಿನ ಹೋಟೆಲಿನಲ್ಲಿದ್ದೆ. ಕಚೇರಿಯ ಬಾಗಿಲ ಬಳಿಯ ಬೆಂಚಿನ ಮೇಲೆ ಆಕೆ ಕೂತಿರುವುದು ಅಲ್ಲಿಂದ ಕಾಣುತ್ತಿತ್ತು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪೇಪರು. ಗುರುವಾರ ಮತ್ತೆ ಬಂದಳು. ಆಗಲೂ ನಾನು ಹೋಟೆಲಿನಲ್ಲಿದ್ದೆ. ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು, ಒಂದೂವರೆ ತಾಸು ಕೂತು, ಯಾರ ಮೇಲೂ ಕೂಗಾಡದೆ ಎದ್ದುಹೋಗುವ ಆಕೆಯನ್ನು ಎರಡು ದಿನ ನೋಡಿದೆ, ಎರಡು ದಿನವೂ ಮಿರ್ಚಿ ಭಜಿ ತಿಂದೆ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ಔರಾದದ ಅಳಿಯನಾದರೂ ಎದುರು ಬಂದು ಕೂತಿದ್ದ.

ಮೂರನೆಯ ಸಲ ಆಕೆ ಬೆಂಚಿನ ಮೇಲೆ ಕೂರಲಿಲ್ಲ. ಯಾರು ಹೇಳಿದರೋ ಏನೋ, ರಸ್ತೆ ದಾಟಿ ನೆಟ್ಟಗೆ ಹೋಟೆಲಿಗೇ ಬಂದಳು. ನಾನು ಪೇಪರು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದೆ. ಅದರಲ್ಲಿ ಆ ದಿನ ನಾನು ಬರೆದದ್ದು ಯಾರೋ ಸೇನಾಧಿಪತಿ ಓಡಿಹೋಗಿ ಹಾಸಿಗೆಯ ಕೆಳಗೆ ಅಡಗಿಕೊಂಡ ಚಿತ್ರ; ಅದು ಆಕೆಯ ಕಡೆಗೆ ಮುಖ ಮಾಡಿತ್ತು. ಎದುರಿನ ಕುರ್ಚಿ ಸರಿದ ಸದ್ದಾಯಿತು.

"ಓದ್ರಿ ಓದ್ರಿ, ಓದೋದು ಆಗ್ಲಿ. ನಾ ಕುಂತಿರ್ತೇನಿ."

ಎಷ್ಟು ಹೊತ್ತು ಓದಲು ಸಾಧ್ಯ? ಪೇಪರು ಇಳಿಸಿದೆ. ಗುರುಬಾಯಿ ಚೀಲದಿಂದ ನನ್ನ ಎರಡೂ ಚಿತ್ರಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. "ಇದರಾಗ ಗಲತ್ ಹೆಸರು ಇತ್ತು, ಅಳಿಸೀರಿ. ಚೊಲೋ ಆತು. ಖರೇ ಹೆಸರು ಬರೀಲಾಕ ಮರ್ತೀರಿ ಕಾಣ್ತದ" ಎಂದಳು. ವ್ಯಂಗ್ಯವಿರಲಿಲ್ಲ ಅದರಲ್ಲಿ. ವ್ಯಂಗ್ಯ ಗುರುತಿಸುವುದು ನನ್ನ ಹೊಟ್ಟೆಪಾಡು, ಇದ್ದಿದ್ದರೆ ಗೊತ್ತಾಗುತ್ತಿತ್ತು. ನಾನು ಮರೆತಿದ್ದೇನೆ ಎಂದೇ ಆಕೆ ನಿಜವಾಗಿ ನಂಬಿದ್ದಳು. ಅಳು ಬರುವಷ್ಟು ನಾಚಿಕೆಯಾಯಿತು.

ಪೆನ್ನು ತೆಗೆದು ಮೊದಲ ಚಿತ್ರದ ಅಂಚಿನಲ್ಲಿ ಬರೆದೆ: 'ಈ ಗೋಡೆಯನ್ನು ನಾನು ನೌಬಾದದಲ್ಲಿ ಕಣ್ಣಾರೆ ನೋಡಿ ಬರೆದಿದ್ದೇನೆ. ಇದು ಗುರುಬಾಯಿಯವರ ಮನೆ. ಯುದ್ಧದಲ್ಲಿ ಬಿದ್ದದ್ದಲ್ಲ.' ಎಷ್ಟೋ ದೇಶಗಳ ಹೆಸರನ್ನು ಒಂದೇ ಗೀಟಿನಲ್ಲಿ ಬರೆಯುವ ಕೈ 'ನೌಬಾದ' ಎಂಬ ಮೂರಕ್ಷರಕ್ಕೆ ಮೂರು ಸಲ ಪೆನ್ನು ಎತ್ತಿ ಇಟ್ಟಿತು. ಸಹಿ ಹಾಕಿದೆ. ಆಕೆ ಅದನ್ನು ಬೆಳಕಿಗೆ ಹಿಡಿದು ಓದಿ, "ಅವರು ಇದ್ದಿದ್ರ ಇಷ್ಟು ಲಗೂ ತಪ್ಪು ಒಪ್ಕೋತಿದ್ದಿಲ್ಲರಿ" ಎಂದು ಗಂಡನನ್ನು ನೆನೆದು ನಕ್ಕಳು. ಮೂರು ಸಲ ಬಸ್ಸು ಹತ್ತಿಸಿದವನಿಗೆ 'ಲಗೂ' ಎಂಬ ಸರ್ಟಿಫಿಕೇಟು ಸಿಕ್ಕಿತು. ನನ್ನ ಚಹಾದ ಬಿಲ್ಲನ್ನೂ ಆಕೆಯೇ ಕೊಟ್ಟುಹೋದಳು. ತಡೆಯುವಷ್ಟು ಮುಖ ನನಗಿರಲಿಲ್ಲ.

ಹದಿನೈದು ದಿನದ ಮೇಲೆ ಫೋನು ಮಾಡಿದಳು. ಚಿತ್ರ ನೋಡಿ ಆ ಕಾಗದದ ಕಚೇರಿಯವರು ನಕ್ಕರಂತೆ, ಆಮೇಲೆ ಅಂಚಿನಲ್ಲಿದ್ದದ್ದನ್ನು ಓದಿ ನಗು ನಿಲ್ಲಿಸಿದರಂತೆ. ಮನೆ ಇತ್ತು ಎಂದು ಈ ಸಲ ಬರೆದುಕೊಂಡು ಅರ್ಜಿ ಒಳಗೆ ತೆಗೆದುಕೊಂಡಿದ್ದಾರೆ. ಬದಲಿ ಜಾಗ ಯಾವಾಗಲೋ ಗೊತ್ತಿಲ್ಲ. ಖಾಲಿ ಜಾಗ ಎಂಬ ಮಾತು ಮಾತ್ರ ಹೋಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಂದು ನನ್ನ ಧೈರ್ಯ ಬೀದರದೊಳಗೇ ಒಂದು ಸುತ್ತು ತಿರುಗಾಡಿ ಬಂದಿತು. ಯಾವ ಅಳಿಯನೂ ಬಂದಿರಲಿಲ್ಲ.

ನಿನ್ನೆ ಆಕೆಯ ಫೋನು ಮತ್ತೆ ಬಂತು.

"ಸಾಹೇಬ್ರ, ಇವತ್ತಿನ ಚಿತ್ರ ನೋಡಿದ್ನಿ. ಚೊಲೋ ಬಂದದ. ಅದರಾಗ ಒಂದು ಮಾಳಿಗಿ ಬಿದ್ದದಲ್ಲ, ಅದು ಯಾರದರಿ?"

"ಅದು ದೂರದ ದೇಶದ್ದಮ್ಮ, ಯುದ್ಧದ್ದು" ಎಂದೆ.

"ಹೌದ್ರಿ, ಹೆಸರು ಓದಿನಿ. ನೋಡಿ ಬರದದ್ದು ಎಲ್ಲಿ ಅಂತ ಕೇಳ್ದೆ."

ನೋಡಿ ಬರೆದದ್ದು ಸಂತಪುರದ ಆಚೆ, ನಮ್ಮ ಸ್ವಂತ ಊರಿಗೆ ತಿರುಗುವ ಕ್ರಾಸಿನಲ್ಲಿ. ಅಲ್ಲಿ ಬಸ್ಸಿಗೆ ಕಾಯುವವರಿಗೆಂದು ಕಟ್ಟಿದ್ದ ತಂಗುದಾಣದ ಮಾಳಿಗೆ ಕಳೆದ ತಿಂಗಳು ಕುಸಿದಿದೆ. ನಮ್ಮೂರ ಮಂದಿ ಬಿಸಿಲಲ್ಲೇ ನಿಂತು ಬಸ್ಸು ಕಾಯುತ್ತಿದ್ದಾರೆ. ಅವರಲ್ಲಿ ನನ್ನ ಅಣ್ಣನೂ ಒಬ್ಬ.

"ಗುರುಬಾಯಿಯವರೇ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಏನೂ ಕೇಳಿಸುತ್ತಿಲ್ಲ" ಎಂದು ಫೋನು ಇಟ್ಟೆ. ಭಾಲ್ಕಿಯಿಂದ ಮಾಡಿದ್ದ ಕರೆ. ಎದುರಿನ ಕುರ್ಚಿಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು.