ಮಾವನ ಅಕ್ಷಾಂಶ

ನನ್ನ ಸೋದರಮಾವನಿಗೆ ಮನೆಯಿದೆ, ವಿಳಾಸವಿಲ್ಲ. ಮನೆ ಕಾಪುವಿನಲ್ಲಿದೆ, ಎಲ್ಲರ ಮನೆಯಂತೆಯೇ ಇದೆ. ದಾರಿ ಕೇಳಿದರೆ ಮಾತ್ರ ಮಾವ, ‘ಉತ್ತರ ಹದಿಮೂರು ಡಿಗ್ರಿ, ಹದಿಮೂರೂವರೆ. ಪೂರ್ವ ಎಪ್ಪತ್ತನಾಲ್ಕು, ನಲವತ್ತನಾಲ್ಕು ಚಿಲ್ಲರೆ’ ಎನ್ನುತ್ತಾರೆ. ಗ್ಯಾಸ್ ಸಿಲಿಂಡರ್ ತರುವವನಿಗೂ ಇದೇ ಉತ್ತರ!

ಮಾವ ಮೀನುಗಾರಿಕೆ ಬೋಟಿನ ತಂಡೇಲರಾಗಿದ್ದವರು. ಅಂದರೆ ಬೋಟು ನಡೆಸುವ ಯಜಮಾನ. ಸಮುದ್ರದಲ್ಲಿ ‘ಕಟ್ಟೆಯ ಹತ್ತಿರ ಬಲಕ್ಕೆ’ ಎನ್ನಲು ಕಟ್ಟೆ ಎಲ್ಲಿದೆ? ಮೀನು ಸಿಗುವ ಜಾಗ, ಬಲೆ ಹರಿಯುವ ಕಲ್ಲು, ಎಲ್ಲವೂ ಜಿಪಿಎಸ್ಸಿನ ಎರಡು ಅಂಕಿ. ದಡಕ್ಕೆ ಬಂದ ಮೇಲೂ ಅವರು ಆ ಅಂಕಿಗಳಿಂದ ಇಳಿಯಲಿಲ್ಲ.

ಅಂಬಲಪಾಡಿಯಲ್ಲಿ ಒಂದು ಪೂಜೆ. ಭಟ್ಟರು ಸಂಕಲ್ಪದಲ್ಲಿ ‘ಭರತವರ್ಷೇ ಭರತಖಂಡೇ’ ಎನ್ನುತ್ತಿದ್ದಂತೆ ಮಾವ ತಡೆದರು. ‘ಅಷ್ಟು ದೊಡ್ಡ ಜಾಗ ಹೇಳಿದರೆ ದೇವರು ಎಲ್ಲಿ ಅಂತ ಹುಡುಕುವುದು ಭಟ್ರೇ? ನಂಬರ್ ಹೇಳ್ತೇನೆ, ಸೇರಿಸಿ.’

ಭಟ್ಟರು ಸೇರಿಸಿದರು ಎಂದು ನನ್ನ ನೆನಪು. ಬಾಯಿ ಮುಚ್ಚಿ ಕೂರಿ ಎಂದರು ಎಂದು ಅತ್ತೆಯ ನೆನಪು. ನನ್ನ ನೆನಪಿಗೆ ಕತೆಯನ್ನು ಚಂದ ಮಾಡುವ ಚಟವಿದೆ. ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ.

ಮಗಳ ನಿಶ್ಚಿತಾರ್ಥಕ್ಕೂ ಮಾವ ಗಂಡಿನ ಕಡೆಯವರಿಗೆ ಅಂಕಿಗಳನ್ನೇ ಕಳಿಸಿದರು. ಹುಡುಗ ಕಾರ್ಕಳದವನು, ಮಣಿಪಾಲದಲ್ಲಿ ಮೇಷ್ಟ್ರು. ಅವನ ಅಜ್ಜಿ ಮೊದಲೇ ಎಚ್ಚರಿಸಿದ್ದರು: ರಾಹುಕಾಲಕ್ಕೆ ಮೊದಲೇ ಉಂಗುರ ತೊಡಿಸದಿದ್ದರೆ ಸಂಬಂಧವೇ ಬೇಡ.

ಹೊತ್ತಾಯಿತು. ಯಾರೂ ಬರಲಿಲ್ಲ. ಫೋನ್ ಬಂತು.

‘ನಾವು ಪಡುಬಿದ್ರಿ ಬೀಚಿನಲ್ಲಿದ್ದೇವೆ,’ ಎಂದ ಹುಡುಗ. ‘ನಿಮ್ಮ ಮನೆ ಇನ್ನೂ ಮುಂದೆ ತೋರಿಸ್ತಾ ಉಂಟು. ಮುಂದೆ ನೀರು!’

ಬೋಟಿನವರು ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡುತ್ತಾರೆ. ಹುಡುಗನ ಚಿಕ್ಕಪ್ಪ ಡಿಗ್ರಿಯ ಮುಂದೆ ಚುಕ್ಕಿಯಿಟ್ಟು, ಉಳಿದ ಅಂಕಿಗಳನ್ನೆಲ್ಲ ಅದಕ್ಕೇ ಅಂಟಿಸಿ ಮೊಬೈಲಿಗೆ ಹಾಕಿದ್ದರು. ಮ್ಯಾಪು ಪಾಪ, ಮಾವನ ಮನೆಯನ್ನು ಅರಬ್ಬೀ ಸಮುದ್ರದ ನಡುವೆ ಕಟ್ಟಿಬಿಟ್ಟಿತ್ತು!

‘ನಿಮ್ಮ ಮಂಡೆ ಸಮ ಉಂಟಾ?’ ಅತ್ತೆ ಅಳುವುದೊಂದು ಬಾಕಿ. ‘ಬ್ಯಾಂಕಿನ ಎದುರು ಅಂತ ಹೇಳಿದ್ದರೆ ಸಾಕಿತ್ತು. ಮಗಳ ಸಂಬಂಧ ನೀರಿಗೆ ಹಾಕಿದ್ರಿ!’

ಮಾವ ಫೋನ್ ಕಿವಿಗೆ ಒತ್ತಿ ಎದ್ದು ನಿಂತರು. ಕಾಲು ಅಗಲಿಸಿ, ಅಲೆಯ ಮೇಲೆ ನಿಂತ ಹಾಗೆ.

‘ಅಳಿಯಾ, ಮೊಬೈಲಿನಲ್ಲಿ ದಿಕ್ಸೂಚಿ ಉಂಟಲ್ವಾ? ತೆಗಿ. ಅಡಿಯಲ್ಲಿ ಅಂಕಿ ಬರ್ತದೆ, ಉತ್ತರ ಎಷ್ಟು?’

‘ಹದಿಮೂರು ಡಿಗ್ರಿ, ಎಂಟು...’

‘ಹೈವೇಗೆ ಬಂದು ಉಡುಪಿ ಕಡೆ ತಿರುಗಿಸು. ಬೋರ್ಡು ನೋಡಬೇಡ, ಯಾರನ್ನೂ ಕೇಳಬೇಡ. ಆ ಎಂಟು ಹದಿಮೂರೂವರೆ ಆಗುವಲ್ಲಿಗೆ ಎಡಕ್ಕೆ, ಸಮುದ್ರದ ಬದಿಗೆ.’

‘ಅವನಾಗಲೇ ಅಳಿಯನಾ?’ ಎಂದರು ಅತ್ತೆ.

‘ಬಂದರಿಗೆ ಬರುವ ಬೋಟು ನಮ್ಮದೇ ಮಾರಾಯ್ತಿ!’

ಎಲ್ಲರೂ ಅಂಗಳದಲ್ಲಿ ಮಾವನ ಸುತ್ತ ಸೇರಿದರು. ಮಾವ ಫೋನಿಗೆ: ‘ಹತ್ತಾ? ಬಾ. ಹನ್ನೆರಡಾ? ಬಾ, ಬಾ. ಸ್ಪೀಡ್ ಇಳಿಸು... ಎಡಕ್ಕೆ!’

ಗೇಟಿನ ಹೊರಗೆ ಹಾರ್ನ್ ಕೇಳಿಸಿತು. ಮೊದಲು ಇಳಿದವರು ಅಜ್ಜಿ. ವಾಚು ನೋಡಿ, ಮಾವನನ್ನು ನೋಡಿ, ‘ಸಮುದ್ರವೂ ನೋಡಿದ ಹಾಗಾಯಿತು’ ಎಂದರು. ರಾಹುಕಾಲ ಕಾಲಿಡುವ ಮೊದಲೇ ಉಂಗುರ ಬೆರಳಿಗೇರಿತು. ಮಾವ ಕಪ್ ಗೆದ್ದವರಂತೆ ಎರಡೂ ಕೈ ಎತ್ತಿದರು!

ನಿಜವಾದ ಜಯ ಊಟದ ಹೊತ್ತಿಗೆ ಬಂತು. ಅತ್ತೆಯ ಸ್ವಂತ ತಮ್ಮ ತುಂಬ ವರ್ಷದ ಮೇಲೆ ಹಿರಿಯಡ್ಕದಿಂದ ಬೆವರಿಳಿಸಿಕೊಂಡು ಬಂದ. ‘ಎಂತ ಅಕ್ಕ, ಎಷ್ಟು ಸುತ್ತಿದೆ! ನೀನು ಹೇಳಿದ ಆ ಬ್ಯಾಂಕು ಅಲ್ಲಿಂದ ಎದ್ದು ಹೋಗಿದೆಯಂತಲ್ಲ?’

ಮಾವ ಅತ್ತೆಯ ಎಲೆಗೆ ತಾವೇ ಇನ್ನೊಂದು ಹೋಳಿಗೆ ಬಡಿಸಿದರು, ಅಷ್ಟೇ.

ಮದುವೆಯಾಗಿ ಮಗಳು ಕಾರ್ಕಳಕ್ಕೆ ಹೋದಳು. ಸ್ವಲ್ಪ ದಿನ ಬಿಟ್ಟು ನಾನು ಹೋದಾಗ ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು: ‘ಅವಳ ಮನೆಯದ್ದು ನಂಬರ್ ಎಂತ?’

ಮಾವ ನಗಲಿಲ್ಲ. ‘ಉತ್ತರದ್ದು ಹೆಚ್ಚುಕಡಿಮೆ ನಮ್ಮದೇ. ಇಬ್ಬರೂ ಒಂದೇ ಗೆರೆಯ ಮೇಲೆ ಇದ್ದೇವೆ. ಹಿತ್ತಲಲ್ಲಿ ನಿಂತು ಸೀದಾ ಪೂರ್ವಕ್ಕೆ ನೋಡಿದರೆ ಅವಳ ಅಡುಗೆಮನೆ.’

ಈಗ ಅತ್ತೆ ಬೆಳಿಗ್ಗೆ ಹಿತ್ತಲಲ್ಲಿ ಸೂರ್ಯನಿಗೆ ಕೈಮುಗಿಯುತ್ತಾರೆ. ಕೈ ಇಳಿಸಿದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತಾರೆ. ಕಾರ್ಕಳ ಅಲ್ಲಿಂದ ಕಾಣುವುದಿಲ್ಲ, ಅದು ನಮ್ಮ ಮೂವರಿಗೂ ಗೊತ್ತು. ಆದರೂ ಆ ಕಡೆ ಜೋತುಬಿದ್ದಿದ್ದ ತೆಂಗಿನ ಗರಿಯನ್ನು ಮಾವ ಕಡಿಸಿಹಾಕಿದ್ದಾರೆ.