ಪೆನಾಲ್ಟಿ ಬಾಕ್ಸಿನ ದ್ವಾರಪಾಲಕ

ಹೆಚ್ಚು ಮಾತಾಡುವವರಿಗೆ ತಾವು ಹೆಚ್ಚು ಮಾತಾಡುತ್ತೇವೆ ಎಂಬುದು ಗೊತ್ತಿರುವುದಿಲ್ಲ. ಗೊರಕೆಯ ಹಾಗೆಯೇ ಇದು; ಮಾಡುವವನು ಸುಖವಾಗಿರುತ್ತಾನೆ, ಕಷ್ಟವೆಲ್ಲ ಪಕ್ಕದವರದು. ನನ್ನ ಮೇಲೆ ಈ ಎರಡೂ ದೂರುಗಳಿವೆ ಎಂದು ನನ್ನ ಹೆಂಡತಿ ಕಮಲಾ ಹೇಳುತ್ತಾಳೆ. ಗೊರಕೆಯ ವಿಷಯ ನಾನು ಕಂಡವನಲ್ಲ. ಮಾತಿನ ವಿಷಯದಲ್ಲಿ ಮಾತ್ರ ನನ್ನದೊಂದು ಸಮರ್ಥನೆ ಇದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಅಕ್ಷರಶಃ ನಂಬಿ ಮೈಸೂರಿನಲ್ಲಿ ಬೆಳೆದವನು ನಾನು. ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಮುಂದೆ ಹೋದರೆ ಅವರಿಗೇನೋ ಅವಮಾನ ಮಾಡಿದ ಹಾಗೆ ನನಗನ್ನಿಸುತ್ತದೆ. ಫ್ರೀಮಾಂಟಿಗೆ ಬಂದು ನೆಲೆಸಿದ ಮೇಲೂ ಈ ಅಭ್ಯಾಸ ಹೋಗಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವ ರೈಲಿನಲ್ಲಿ ನಾನು ಪಕ್ಕದಲ್ಲಿ ಕೂತ ಕೂಡಲೇ ಕೆಲವರು ಪೇಪರನ್ನು ಇನ್ನಷ್ಟು ಅಗಲವಾಗಿ ಬಿಡಿಸಿಕೊಳ್ಳುತ್ತಿದ್ದರು. ಪಾಪ, ಕಣ್ಣು ಸರಿಯಿಲ್ಲವೇನೋ ಎಂದುಕೊಂಡು ಅದನ್ನೇ ವಿಚಾರಿಸುತ್ತಿದ್ದೆ.

ಇಂಥ ನನಗೆ ದೇವರು ಕೊಟ್ಟದ್ದು ಒಬ್ಬಳೇ ಮಗಳು, ಅವಳೋ ಬಾಯಿ ಬಿಡದವಳು. ವಾಣಿ ಎಂದು ಹೆಸರಿಟ್ಟವನು ನಾನೇ. ನಾಲ್ಕು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಒಂದು ಪದದಲ್ಲಿ. ಬರ್ಕ್ಲಿಯ ಕಾಲೇಜಿಗೆ ಸೇರಿ ಅಲ್ಲಿಯೇ ಹಾಸ್ಟೆಲಿನಲ್ಲಿ ಇರತೊಡಗಿದ ಮೇಲೆ ಆ ಒಂದು ಪದಕ್ಕೂ ಬರ ಬಂತು. ಭಾನುವಾರ ಫೋನು ಮಾಡುತ್ತಿದ್ದಳು. ನಾನು ಎತ್ತಿದರೆ, ಹಾಯ್ ಅಪ್ಪಾ, ಅಮ್ಮ ಇದ್ದಾಳಾ ಎನ್ನುತ್ತಿದ್ದಳು. ಅಮ್ಮ ಇದ್ದೇ ಇರುತ್ತಿದ್ದಳು. ವಾಣಿ ಓದು ಮುಗಿಸುವ ಕೊನೆಯ ವರ್ಷ ಅದು. ಮುಂದೆ ಡಾಕ್ಟರಾಗುತ್ತಾಳೆ ಎಂದು ನಾವಿಬ್ಬರೂ ಫ್ರೀಮಾಂಟಿನ ಕನ್ನಡದವರಿಗೆಲ್ಲ ಹೇಳಿಯಾಗಿತ್ತು. ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದಳೇ, ಎಲ್ಲಿಗೆ ಹಾಕಿದಳು, ಏನಾಯಿತು, ಎಂಬುದೊಂದೂ ನಮಗೆ ಗೊತ್ತಿರಲಿಲ್ಲ. ಕಮಲಾ ಕೇಳಿದರೆ, ಐ ವಿಲ್ ಟೆಲ್ ಯೂ ಅಮ್ಮಾ ಎಂದು ಮಾತು ಬದಲಿಸುತ್ತಿದ್ದಳು. ನನಗಂತೂ ಕೇಳುವುದಕ್ಕೆ ಅವಳೇ ಸಿಗುತ್ತಿರಲಿಲ್ಲ. ಊರಿನವರನ್ನೆಲ್ಲ ಮಾತಾಡಿಸಿಕೊಂಡು ಬಂದವನಿಗೆ ಸ್ವಂತ ಮಗಳ ಜೊತೆ ಎರಡು ನಿಮಿಷದ ಮಾತಿಲ್ಲ ಎಂಬುದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಆ ವರ್ಷವೇ ಅವಳು ಹುಡುಗಿಯರ ಐಸ್ ಹಾಕಿ ತಂಡದಲ್ಲಿ ಇದ್ದಾಳೆಂಬುದು ತಿಳಿದದ್ದು. ತಿಳಿದದ್ದು ಹೇಗೆಂದರೆ, ಅವಳ ಹಳೆಯ ಕಾರು ಕೆಟ್ಟಿತು, ಭಾನುವಾರ ಮಧ್ಯಾಹ್ನ ಅವಳನ್ನೂ ಅವಳ ಚೀಲವನ್ನೂ ಆಟದ ಜಾಗಕ್ಕೆ ಮುಟ್ಟಿಸಬೇಕಾಗಿ ಬಂತು. ಚೀಲ ಅಂದರೆ ಒಬ್ಬ ಮನುಷ್ಯನನ್ನು ಮಡಿಸಿ ಇಡಬಹುದಾದಂಥದ್ದು. ಅದರ ವಾಸನೆಗೆ ಫ್ರೀವೇ ಉದ್ದಕ್ಕೂ ಕಾರಿನ ನಾಲ್ಕೂ ಗಾಜು ಇಳಿಸಿಕೊಂಡೇ ಹೋದೆವು. ವರ್ಷವಿಡೀ ಬಿಸಿಲು ಕಾಯುವ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡದೊಂದು ಶೆಡ್ಡು ಕಟ್ಟಿ, ಒಳಗೆ ಕರೆಂಟು ಉರಿಸಿ ನೀರನ್ನು ಕಲ್ಲು ಮಾಡಿ, ಅದರ ಮೇಲೆ ಕಾಲಿಗೆ ಕತ್ತಿಯಂಥ ಅಲಗು ಕಟ್ಟಿಕೊಂಡು ಒಬ್ಬರನ್ನೊಬ್ಬರು ಗುದ್ದುವುದು ಆ ಆಟ. ಸುತ್ತಮುತ್ತ ಬೇರೆ ಕಾಲೇಜುಗಳಲ್ಲಿ ಹುಡುಗಿಯರ ತಂಡಗಳು ಇರಲಿಲ್ಲ. ಹಾಗಾಗಿ ಇವರು ಊರೂರಿನ ಹೆಂಗಸರ ತಂಡಗಳ ಜೊತೆ ಆಡುತ್ತಿದ್ದರು. ಅವುಗಳಲ್ಲಿ ನರ್ಸುಗಳಿದ್ದರು, ಟಪಾಲು ಹಂಚುವವರಿದ್ದರು, ಒಬ್ಬ ಅಜ್ಜಿಯೂ ಇದ್ದಳು. ನಮ್ಮ ಹುಡುಗಿಯರ ಮೇಲೆ ಅತಿ ಹೆಚ್ಚು ಗೋಲು ಹೊಡೆದದ್ದು ಆ ಅಜ್ಜಿಯೇ. ಕಮಲಾ ಒಂದೇ ಒಂದು ಸಲ ಬಂದಳು. ರೇಷ್ಮೆ ಸೀರೆಯ ಮೇಲೆ ಎರಡು ಸ್ವೆಟರು ಹಾಕಿಕೊಂಡು ಕೂತವಳು ಮೊದಲ ಗುದ್ದಿಗೇ ಕಣ್ಣು ಮುಚ್ಚಿ, ಎರಡನೆಯದಕ್ಕೆ ಎದ್ದು ಕಾರಿಗೆ ಹೋದಳು.

ನಾನು ಮೊದಲ ದಿನ ಚೀಲ ಇಳಿಸಿ ನಿಂತಿದ್ದಾಗ ತಂಡದ ಕೋಚ್ ಬಂದಳು. ಡಾಟ್ ಎಂದು ಅವಳ ಹೆಸರು, ಮಿನೆಸೋಟದ ಹೆಂಗಸು, ಆಳೆತ್ತರ, ಮಾತು ಬಹಳ ಕಡಿಮೆ. ಒಂದು ಬಾಗಿಲು ಕಾಯುವ ಕೆಲಸವಿದೆ, ಮಾಡುತ್ತೀಯಾ ಎಂದಳು. ನಮ್ಮ ಜನಕ್ಕೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲವಲ್ಲ. ಏನು, ಎತ್ತ ಎಂದು ಕೇಳದೆ ತಲೆಯಾಡಿಸಿದೆ. ಆಟದಲ್ಲಿ ಯಾರಾದರೂ ಎದುರಾಳಿಯನ್ನು ಕಾಲಿಗೆ ಕೋಲು ಕೊಟ್ಟು ಬೀಳಿಸಿದರೆ, ಹಿಡಿದು ಎಳೆದರೆ, ಅವರನ್ನು ಎರಡು ನಿಮಿಷ ಗಾಜಿನ ಗೂಡಿನಲ್ಲಿ ಕೂರಿಸುತ್ತಾರೆ. ಅದು ಪೆನಾಲ್ಟಿ ಬಾಕ್ಸು. ಅಷ್ಟು ಹೊತ್ತು ಅವರ ತಂಡ ಒಬ್ಬರು ಕಡಿಮೆಯಾಗಿ ಆಡಬೇಕು. ಹೊತ್ತು ಮುಗಿದ ಕೂಡಲೇ ಬಾಗಿಲು ತೆಗೆದು ಅವರನ್ನು ಹೊರಗೆ ಬಿಡುವುದು ನನ್ನ ಕೆಲಸ. ಟೈಮು ನೋಡುವುದಕ್ಕೆ ಪಕ್ಕದ ಗೂಡಿನಲ್ಲಿ ಹೆರಾಲ್ಡ್ ಎಂಬ ಮುದುಕನಿದ್ದ. ಅವನು ಗಾಜು ತಟ್ಟಿದಾಗ ನಾನು ಚಿಲಕ ತೆಗೆಯಬೇಕು. ಜಯವಿಜಯರು ವೈಕುಂಠದಲ್ಲಿ ಮಾಡಿದ್ದೂ ಇಷ್ಟೇ ಕೆಲಸ, ಅವರೂ ಎಡವಟ್ಟು ಮಾಡಿಕೊಂಡರು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮೊದಲು ಬಂದವಳು ಜೂಲಿ ಎಂಬ ಹುಡುಗಿ, ಕಲ್ಲುಕಂಬದಂಥ ಆಳು. ಬಂದವಳೇ ಕೋಲನ್ನು ನೆಲಕ್ಕೆ ಕುಕ್ಕಿ ಕೂತಳು. ಕೂತವರನ್ನು ಸುಮ್ಮನೆ ಕೂರಿಸುವುದು ನಮ್ಮಲ್ಲಿ ಇಲ್ಲ. ಯಾವೂರು ಎಂದು ಕೇಳಿದೆ. ತಂದೆ ಏನು ಮಾಡುತ್ತಾರೆ, ಎಷ್ಟು ಜನ ಅಕ್ಕತಂಗಿಯರು, ಅವರಲ್ಲಿ ಎಷ್ಟು ಜನಕ್ಕೆ ಮದುವೆಯಾಗಿದೆ, ಹಾಸ್ಟೆಲಿನ ಊಟ ಹಿಡಿಸುತ್ತದೆಯೇ ಎಂದೆಲ್ಲ ವಿಚಾರಿಸಿದೆ. ಕೋಪದ ಕೈಗೆ ಬುದ್ಧಿ ಕೊಡಬಾರದು ಎಂಬುದಕ್ಕೆ ನಮ್ಮ ಸೋದರಮಾವನ ಒಂದು ಪ್ರಸಂಗ ಹೇಳಲು ಶುರುಮಾಡುವಷ್ಟರಲ್ಲಿ ಹೆರಾಲ್ಡ್ ಗಾಜು ತಟ್ಟಿದ. ಮನೆಗೆ ಬಂದವರು ಎದ್ದಾಗ ಹೋಗು ಎನ್ನಬಾರದು, ಹೋಗಿ ಬಾ ಎನ್ನಬೇಕು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಬಾಗಿಲು ತೆಗೆದು ಪ್ರೀತಿಯಿಂದ, ಪ್ಲೀಸ್ ಕಮ್ ಅಗೇನ್ ಎಂದೆ. ಶಿಕ್ಷೆ ಮುಗಿಸಿಕೊಂಡು ಹೊರಟವಳಿಗೆ ಹೀಗೆನ್ನಬಾರದೆಂದು ನನಗೆ ತೋಚಲಿಲ್ಲ. ಜೂಲಿ ಒಮ್ಮೆ ತಿರುಗಿ ನೋಡಿ ಆಟಕ್ಕೆ ಹೋದಳು.

ಅದೇ ಆಟದಲ್ಲಿ ವಾಣಿಯೂ ಬಂದಳು. ಮನೆಯಲ್ಲಿ ಇರುವೆಗೂ ದಾರಿ ಬಿಡುವ ನನ್ನ ಮಗಳು ಟಪಾಲಿನವಳೊಬ್ಬಳನ್ನು ಗೋಡೆಗೆ ಒರಗಿಸಿ ಗುದ್ದಿದ್ದನ್ನು ಕಣ್ಣಾರೆ ಕಂಡೆ. ಯಾವ ತಂದೆಗಾದರೂ ಗಾಬರಿಯಾಗಬೇಕು. ನನಗೆ ಆದದ್ದು ಸಂತೋಷ. ಎರಡು ನಿಮಿಷ ಇವಳು ಎಲ್ಲಿಗೂ ಹೋಗುವಂತಿಲ್ಲ, ಫೋನನ್ನು ಅಮ್ಮನಿಗೆ ಕೊಡು ಎನ್ನುವಂತಿಲ್ಲ, ಚಿಲಕ ನನ್ನ ಕೈಯಲ್ಲಿದೆ. ಉಸಿರು ಬಿಡದೆ ಶುರುಮಾಡಿದೆ. ಅರ್ಜಿ ಹಾಕಿದೆಯಾ, ಕ್ಯುಪರ್ಟಿನೋದ ರಾಯರ ಮಗ ಹಾಕಿ ತಿಂಗಳಾಯಿತಂತೆ, ಯಾರಿಂದ ಶಿಫಾರಸು ತೆಗೆದುಕೊಂಡೆ, ಮೂಳೆಯ ಡಾಕ್ಟರಾಗುತ್ತೀಯೋ ಹೃದಯದ್ದೋ. ಅವಳು ಹೆಲ್ಮೆಟ್ಟಿನ ಜಾಲರಿಯ ಒಳಗಿನಿಂದ ಐಸನ್ನೇ ನೋಡುತ್ತಿದ್ದಳು. ನಾನು ಹೃದಯದ ಪರವಾಗಿ ವಾದಿಸುತ್ತಿದ್ದಾಗ ಹೊತ್ತು ಮುಗಿಯಿತು.

ಮುಂದಿನ ಭಾನುವಾರದಿಂದ ನಾನು ಯಾರೂ ಕರೆಯದೆ ಹೋಗತೊಡಗಿದೆ. ತಂಡ ಸೋಲುತ್ತಲೇ ಇತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ತಂಡ ಗೆಲ್ಲಲಿ ಎಂದು ನಾನು ಬೇಡಿಕೊಂಡವನಲ್ಲ. ನನ್ನ ಮಗಳು ಯಾರಿಗಾದರೂ ಒಂದು ಅಡ್ಡಗಾಲು ಕೊಡಲಿ ಎಂದು ಬೇಡಿಕೊಂಡು ಕೂರುತ್ತಿದ್ದೆ. ಆದರೆ ದಿನೇ ದಿನೇ ಬಾಕ್ಸಿಗೆ ಬರುವವರು ಕಡಿಮೆಯಾದರು. ಜೂಲಿ ಬಂದರೆ ಮುಖ ಆ ಕಡೆ ಮಾಡಿ ಕೂರುತ್ತಿದ್ದಳು. ನಾನು ಸೋದರಮಾವನ ಪ್ರಸಂಗವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದೆ. ಕೆಲವು ವಾರ ಕಳೆಯುವುದರೊಳಗೆ ಅವಳೂ ಬರುವುದನ್ನು ನಿಲ್ಲಿಸಿದಳು. ವಾಣಿಯಂತೂ ಬಾಗಿಲ ಹತ್ತಿರ ಸುಳಿಯಲಿಲ್ಲ. ಒಂದು ದಿನ ಡಾಟ್ ನನ್ನ ಹೆಗಲು ತಟ್ಟಿ, ಹುಡುಗಿಯರು ಇಷ್ಟು ಶಿಸ್ತಿನಿಂದ ಆಡಿದ್ದನ್ನು ನಾನು ಕಂಡಿಲ್ಲ, ನೀನು ಏನು ಮಾಡುತ್ತಿದ್ದೀಯೋ ಅದನ್ನೇ ಮಾಡುತ್ತಿರು ಎಂದಳು. ನನ್ನ ಎದೆ ಉಬ್ಬಿತು. ಮಾತಿನಿಂದ ಮನಸ್ಸು ತಿದ್ದಬಹುದು ಎಂದು ನಾನು ಹೇಳುತ್ತಲೇ ಬಂದಿದ್ದೇನಲ್ಲ.

ಮನೆಗೆ ಬಂದು ಕಮಲಾಗೆ ಇದನ್ನು ಬಣ್ಣಿಸಿ ಹೇಳಿದೆ. ಅವಳು ಹುಣಸೆಹಣ್ಣು ಕಿವುಚುತ್ತಿದ್ದವಳು ತಲೆ ಎತ್ತಲಿಲ್ಲ.

"ಅಲ್ಲಾ ರೀ, ತಪ್ಪು ಮಾಡಿದ್ರೆ ನಿಮ್ಮ ಪಕ್ಕ ಕೂರ್ಬೇಕಲ್ಲಾ ಅಂತ ಭಯ ಬಿದ್ದಿರ್ತಾವೆ ಆ ಮಕ್ಕಳು," ಎಂದಳು.

ನಗಬೇಕೆಂದುಕೊಂಡೆ, ಆಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು ಕಿವಿಯಲ್ಲಿತ್ತು. ರೈಲಿನಲ್ಲಿ ಅಗಲವಾಗುತ್ತಿದ್ದ ಪೇಪರುಗಳು, ಮುಖ ತಿರುಗಿಸಿದ ಜೂಲಿ, ಅಮ್ಮ ಇದ್ದಾಳಾ ಎನ್ನುವ ಮಗಳು ಎಲ್ಲರೂ ಸಾಲಾಗಿ ಬಂದು ಕಮಲಾಳ ಪರ ಸಾಕ್ಷಿ ಹೇಳಿ ಹೋದರು. ನನಗೆ ನಿಜವಾಗಿಯೂ ಬೇಜಾರಾಯಿತು. ಇನ್ನು ಉಳಿದಿದ್ದದ್ದು ಕೊನೆಯ ಆಟ. ಆ ದಿನ ಯಾರು ಬಂದು ಕೂತರೂ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಶಪಥ ಮಾಡಿದೆ. ಶಪಥ ಮಾಡಿದ್ದನ್ನು ಕಮಲಾಗೆ ಸ್ವಲ್ಪ ವಿಸ್ತಾರವಾಗಿಯೇ ವಿವರಿಸಿದೆ.

ಕೊನೆಯ ಆಟ ಅಜ್ಜಿಯ ತಂಡದ ಮೇಲೆ. ಏನು ಗ್ರಹಗತಿಯೋ, ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ನಮ್ಮವರು ಎರಡು, ಅವರು ಒಂದು. ಸೀಸನ್ನಿನಲ್ಲಿ ಒಂದಾದರೂ ಗೆಲುವು ಬಂತೆಂದು ಹುಡುಗಿಯರೆಲ್ಲ ಎದ್ದು ನಿಂತು ಕೋಲಿನಿಂದ ಗೋಡೆ ಬಡಿಯುತ್ತಿದ್ದರು. ಆಗ ಅಜ್ಜಿ, ಈ ಆಟದಲ್ಲಿ ಚೆಂಡಿನ ಬದಲಿಗೆ ಹೊಡೆಯುವ ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ಗೋಲಿನತ್ತ ನುಗ್ಗಿದಳು. ವಾಣಿ ಹಿಂದಿನಿಂದ ಬಂದು ಕಾಲಿಗೆ ಕೋಲು ಕೊಟ್ಟು ಕೆಡವಿದಳು. ರೆಫ್ರಿ ಸೀಟಿ ಊದಿದ. ಇಷ್ಟು ವಾರ ನಾನು ಬೇಡಿದ ವರವನ್ನು ದೇವರು ಕೊಟ್ಟದ್ದು ಆ ಗಳಿಗೆಯಲ್ಲಿ.

ಬಾಗಿಲು ತೆಗೆದೆ. ಬಂದು ಕೂತಳು. ನಾನು ಬಾಯಿ ಬಿಗಿದುಕೊಂಡು ಎದುರಿಗೆ ನೋಡುತ್ತಾ ಕೂತೆ. ಎಷ್ಟು ಕಷ್ಟವಾಯಿತೆಂದು ಮಾತುಗಾರರಿಗಷ್ಟೇ ಗೊತ್ತಾಗುತ್ತದೆ. ಅವಳು ಕಾಯುತ್ತಿದ್ದವಳು, ಕೊನೆಗೆ ನನ್ನ ಕಡೆ ತಿರುಗಿ, ಆರ್ ಯೂ ಓಕೆ ಅಪ್ಪಾ ಎಂದಳು. ತಲೆಯಾಡಿಸಿದೆ. ಅವಳು ಹೆಲ್ಮೆಟ್ಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಕೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಆಮೇಲೆ ಕನ್ನಡದಲ್ಲಿ, ಪದ ಹುಡುಕಿ ಹುಡುಕಿ ಶುರುಮಾಡಿದಳು.

"ಅಪ್ಪಾ, ನಾನು ಮೆಡಿಕಲ್‌ಗೆ ಅಪ್ಲೈ ಮಾಡ್ಲೇ ಇಲ್ಲ."

ನನ್ನ ನಾಲಗೆ ತುದಿಗೆ ಹತ್ತು ಪ್ರಶ್ನೆ ಬಂದವು. ಶಪಥ ನೆನಪಾಗಿ ನುಂಗಿಕೊಂಡು, "ಆಮೇಲೆ?" ಎಂದೆ, ಅಷ್ಟೇ.

ಆಮೇಲೆ ಎಲ್ಲ ಬಂತು. ಭೂಕಂಪದ ಬಗ್ಗೆ ಓದಬೇಕಂತೆ. ನಮ್ಮ ಫ್ರೀಮಾಂಟಿನ ಕೆಳಗೇ ನೆಲ ಬಿರುಕು ಬಿಟ್ಟಿದೆಯಂತೆ, ಪಾದಚಾರಿ ರಸ್ತೆಯ ಅಂಚು ಹೇಗೆ ಸೊಟ್ಟಗಾಗಿದೆ ಎಂದು ನನಗೆ ಕರೆದುಕೊಂಡು ಹೋಗಿ ತೋರಿಸುತ್ತಾಳಂತೆ. ನಾವು ಬೇಜಾರು ಮಾಡಿಕೊಳ್ಳುತ್ತೇವೆಂದು ಹೆದರಿ ವರ್ಷದಿಂದ ಹೇಳಿರಲಿಲ್ಲವಂತೆ. ಕನ್ನಡ ಸಾಲದೆ ಬಂದಾಗ ಇಂಗ್ಲಿಷು, ಅದೂ ಸಾಲದೆ ಬಂದಾಗ ದಪ್ಪ ಗ್ಲೌಸು ಹಾಕಿದ ಎರಡೂ ಕೈಗಳನ್ನು ಒಂದಕ್ಕೊಂದು ಉಜ್ಜಿ ನೆಲ ಹೇಗೆ ಸರಿಯುತ್ತದೆಂದು ತೋರಿಸಿದಳು. ನನಗೆ ಬೇಜಾರಾಗಬೇಕಿತ್ತು. ಫ್ರೀಮಾಂಟಿಗೆಲ್ಲ ಡಾಕ್ಟರೆಂದು ಸಾರಿದವನು ನಾನು. ಆದರೆ ನನ್ನ ಮಗಳು ಇಷ್ಟುದ್ದ ಮಾತಾಡಬಲ್ಲಳೆಂದೇ ನನಗೆ ಗೊತ್ತಿರಲಿಲ್ಲ. ಅವಳು ನಿಲ್ಲಿಸದಿದ್ದರೆ ಸಾಕೆನ್ನಿಸುತ್ತಿತ್ತು.

"ಅಮ್ಮನಿಗೆ ಗೊತ್ತಾ?" ಎಂದೆ.

"ಇಲ್ಲ. ಫಸ್ಟ್ ನಿನಗೇ ಹೇಳ್ತಿರೋದು."

ಇದನ್ನು ಕೇಳಿದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಕೇಳಿಸದೆ ಹೋದದ್ದರಲ್ಲಿ ಮುಖ್ಯವಾದದ್ದು ಹೆರಾಲ್ಡ್ ಗಾಜು ತಟ್ಟಿದ್ದು. ಅವನು ಒಮ್ಮೆ ತಟ್ಟಿದನಂತೆ, ಮತ್ತೆ ತಟ್ಟಿದನಂತೆ, ಕೊನೆಗೆ ಬಡಿದನಂತೆ. ಐಸಿನ ಆಚೆ ಬದಿಯಲ್ಲಿ ಡಾಟ್ ಕೂಗುತ್ತಿದ್ದಳಂತೆ. ನನ್ನ ಮಗಳು ನೆಲದ ಅಡಿಯ ಕಲ್ಲುಗಳನ್ನು ಸರಿಸುತ್ತಿದ್ದಳು, ನಾನು ಆಮೇಲೆ, ಆಮೇಲೆ ಎನ್ನುತ್ತಿದ್ದೆ. ಶೆಡ್ಡು ಹಾರಿಹೋಗುವಂಥ ಕೂಗು ಎದ್ದಾಗಲೇ ನಾವಿಬ್ಬರೂ ತಲೆ ಎತ್ತಿದ್ದು. ಅಜ್ಜಿ ಗೋಲು ಹೊಡೆದು ಎರಡೂ ಕೈ ಮೇಲೆತ್ತಿ ಸುತ್ತು ಬರುತ್ತಿದ್ದಳು. ಬಾಗಿಲು ತೆಗೆದೆ. ವಾಣಿ ಹೆಲ್ಮೆಟ್ಟು ಸಿಕ್ಕಿಸಿಕೊಂಡು ಓಡಿದಳು. ಓಡಿ ಮಾಡುವುದಕ್ಕೇನೂ ಉಳಿದಿರಲಿಲ್ಲ. ಎರಡಕ್ಕೆ ಎರಡು, ಆಟ ಮುಗಿಯಿತು. ಸೀಸನ್ನಿಡೀ ನನ್ನ ಮಾತಿಗೆ ಹೆದರಿ ಶಿಸ್ತು ಕಲಿತ ತಂಡ ಕೊನೆಗೆ ನಾನು ಬಾಯಿ ಮುಚ್ಚಿದ್ದರಿಂದ ಗೆಲುವು ಕಳೆದುಕೊಂಡಿತು.

ಡಾಟ್ ನೇರವಾಗಿ ನನ್ನ ಬಳಿಗೆ ಬಂದಳು, ಮುಖ ಟೊಮೇಟೊ ಆಗಿತ್ತು. ಏನಾಯಿತು ಎಂದಳು. ನನಗೆ ಹೇಳಲು ಬೇಕಾದಷ್ಟಿತ್ತು, ಬಾಯಿ ತೆರೆದೆ. ಆಗ ಹಿಂದಿನಿಂದ ವಾಣಿ, ಒಂದಿಷ್ಟೂ ತಡವರಿಸದೆ, ಬಾಗಿಲು ಸಿಕ್ಕಿಹಾಕಿಕೊಂಡಿತ್ತು ಕೋಚ್, ಅಪ್ಪ ಪಾಪ ಎಷ್ಟು ಎಳೆದರೂ ಬರಲಿಲ್ಲ ಎಂದಳು. ಹೆರಾಲ್ಡ್ ನನ್ನನ್ನು ನೋಡಿ, ವಾಣಿಯನ್ನು ನೋಡಿ, ತನ್ನ ಗಡಿಯಾರ ಒರೆಸಿಕೊಳ್ಳತೊಡಗಿದ. ಡಾಟ್ ಶೆಡ್ಡಿನ ರಿಪೇರಿಯವನನ್ನು ಕೂಗಿದಳು.

ಅವನು ಎಣ್ಣೆಯ ಡಬ್ಬಿ ಹಿಡಿದುಕೊಂಡು ಬಂದ. ಬಾಗಿಲನ್ನು ಹಿಂದೆ ಮುಂದೆ ಆಡಿಸಿದ. ಅದು ಬೆಣ್ಣೆಯ ಹಾಗೆ ಸರಿಯಿತು. ಇನ್ನೊಮ್ಮೆ ಆಡಿಸಿ, ಚೆನ್ನಾಗಿಯೇ ಇದೆಯಲ್ಲ ಎಂದು ನನ್ನ ಮುಖ ನೋಡಿದ. ಡಾಟ್ ಕೂಡ ನೋಡಿದಳು. ಅವಳ ಹಿಂದೆ ನಿಂತ ವಾಣಿ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು, ಈಗ ಮಾತಾಡಬೇಡ ಎನ್ನುವಂತೆ. ನಾನು ಗಂಭೀರವಾಗಿ ಮೇಲಿನ ಕೀಲಿನ ಕಡೆ ಬೆರಳು ತೋರಿಸಿ, ಅಲ್ಲಿ ಇನ್ನೊಂದೆರಡು ಹನಿ ಬೀಳುವ ತನಕ ಪಕ್ಕದಲ್ಲೇ ನಿಂತಿದ್ದೆ.